ಯೋಗ್ಯಾನುಪಲಬ್ಧಿ: ಕೊಳ್ಳೇಗಾಲ ಸೀಮೆಯ ಆಕರಗಳ ವಿಮರ್ಶೆ

ಭಾಟ್ಟಮೀಮಾಂಸಕರು ಅಂಗೀಕರಿಸಿರುವ ಆರು ಪ್ರಮಾಣಗಳಲ್ಲಿ ಕಡೆಯದು ಅನುಪಲಬ್ಧಿ. ದೀಪವುಳ್ಳ ಮನೆಯಲ್ಲಿ ಕಣ್ಣುಳ್ಳವನು ನೋಡಿದಾಗ ಗಡಿಗೆಯು ಕಾಣದಿದ್ದರೆ ಅದು ಅಲ್ಲಿಲ್ಲವೆಂದು ನಿಶ್ಚಯಿಸಬಹುದು. ಕತ್ತಲೆಯ ಮನೆಯಲ್ಲಿ ಹಾಗೆ ನಿಶ್ಚಯಿಸಲಾಗದು. ಇದ್ದಿದ್ದರೆ ಕಂಡೇ ಕಾಣಬೇಕಾಗಿದ್ದ ವಸ್ತುವು ಕಾಣದಿರುವುದೇ ಯೋಗ್ಯಾನುಪಲಬ್ಧಿ. ಅದೊಂದೇ ಅಭಾವಕ್ಕೆ ಪ್ರಮಾಣವಾಗಬಲ್ಲುದು. ಈಗಿನ ಸಂಶೋಧನಶಾಸ್ತ್ರದ ಗ್ರಂಥಗಳು ಆಕರಗಳನ್ನು ಪ್ರಾಥಮಿಕ, ದ್ವಿತೀಯಕಗಳೆಂದೂ, ದತ್ತಾಂಶಗಳನ್ನು ಸಂಖ್ಯಾತ್ಮಕ, ಗುಣಾತ್ಮಕಗಳೆಂದೂ ವಿಂಗಡಿಸುತ್ತವೆ. ಈ ವಿಭಾಗವು ಉಪಯುಕ್ತವೆಂಬುದರಲ್ಲಿ ವಿವಾದವಿಲ್ಲ. ಆದರೆ ಯಾವ ಆಕರಕ್ಕೆ ಯಾವುದನ್ನು ಕಾಣುವ ಯೋಗ್ಯತೆಯಿದ್ದಿತೆಂಬುದನ್ನು ಮೊದಲು ವಿಚಾರಿಸದಿದ್ದರೆ ಅದು ಬರಿಯ ಹೆಸರುಗಳ ಪಟ್ಟಿಯಾಗಿ ಉಳಿಯುವುದು. ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯು ಇದಕ್ಕೆ ತಕ್ಕ ನಿದರ್ಶನ.

ಪ್ರಾಥಮಿಕಾಕರಗಳಲ್ಲಿ ಶಿಲಾಶಾಸನವು ಶ್ರೇಷ್ಠವೆಂಬುದು ವಿದ್ವಾಂಸರ ಸಾಮಾನ್ಯಮತ. ಬಿ. ಎಲ್. ರೈಸರು 1886ರಿಂದ 1905ರ ವರೆಗೆ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳನ್ನು ಪ್ರಕಟಿಸಿದರು. 1898ರ ನಾಲ್ಕನೆಯ ಸಂಪುಟದಲ್ಲಿ ಯಳಂದೂರಿನ ಶಾಸನಗಳುಂಟು. ಅದಕ್ಕೆ ಹೊಂದಿಕೊಂಡೇ ಇರುವ ಕೊಳ್ಳೇಗಾಲದ ಶಾಸನಗಳಿಲ್ಲ. ಈ ಸಂಪುಟವೊಂದನ್ನೇ ಮುಂದಿಟ್ಟುಕೊಂಡವನು ಯಳಂದೂರು ಪ್ರಾಚೀನ, ಕೊಳ್ಳೇಗಾಲವು ಬರಿಯ ಕಾಡುಸೀಮೆಯೆಂದು ಊಹಿಸಿದರೆ ಆಶ್ಚರ್ಯವಿಲ್ಲ. ಆದರೆ ಕಾರಣವು ಬೇರೆ. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೊಳ್ಳೇಗಾಲವು ಇಂಗ್ಲಿಷರ ವಶವಾಗಿ, 1956ನೆಯ ನವೆಂಬರ್ 1ರ ವರೆಗೂ ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿದ್ದಿತು. ಯಳಂದೂರಾದರೋ ಮೈಸೂರಿನೊಳಗೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಮೈಸೂರಿನ ಅಧಿಕಾರಿಯಾದ ರೈಸರ ಶೋಧವು ಮೈಸೂರಿನ ಗಡಿಯಲ್ಲಿಯೇ ನಿಂತುದು ಸಹಜ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯ ನಾಲ್ಕನೆಯ ಸಂಪುಟವು 1975ರಲ್ಲಿ ಹೊರಬಂದಾಗ ಯಳಂದೂರಿನೊಡನೆ ಕೊಳ್ಳೇಗಾಲದ ಶಾಸನಗಳೂ ಸೇರಿಕೊಂಡುವು. ಆ ಕಲ್ಲುಗಳೇನೂ ನಡುವೆ ಹುಟ್ಟಿದುವಲ್ಲ. ದೀಪವು ಗಡಿಯನ್ನು ದಾಟಿತು. ಆದುದರಿಂದ 1898ರ ಸಂಪುಟದ ಮೌನವು ಕೊಳ್ಳೇಗಾಲದ ವಿಷಯದಲ್ಲಿ ಯೋಗ್ಯಾನುಪಲಬ್ಧಿಯಾಗಲಾರದು.

ಇಲ್ಲಿ ಪೂರ್ವಪಕ್ಷಿಯು, “ಶಾಸನಸಂಗ್ರಹಕ್ಕೆ ಈ ದೋಷವಿರಲಿ, ಅಂಕಿಗಳಿಗೆ ಪಕ್ಷಪಾತವಿಲ್ಲವಷ್ಟೆ?” ಎನ್ನಬಹುದು. ಅಂಕಿಗೆ ಪಕ್ಷಪಾತವಿಲ್ಲದಿದ್ದರೂ ಅಂಕಣಕ್ಕೆ ಗಡಿಯುಂಟು. 1951ರ ಜನಗಣತಿಯಲ್ಲಿ ಕೊಳ್ಳೇಗಾಲವನ್ನು ಮದರಾಸಿನ ಕೋಷ್ಟಕಗಳಲ್ಲಿಯೂ ಯಳಂದೂರನ್ನು ಮೈಸೂರಿನ ಕೋಷ್ಟಕಗಳಲ್ಲಿಯೂ ಹುಡುಕಬೇಕು. ಚಾಮರಾಜನಗರ ಜಿಲ್ಲೆಯು ಹುಟ್ಟಿದುದೇ 1997ರಲ್ಲಿ. 2011ರ ಗಣತಿಯಲ್ಲಿ ಈ ಜಿಲ್ಲೆಯ ಜನಸಂಖ್ಯೆ 10,20,791. ಆಗ ತಾಲ್ಲೂಕುಗಳು ನಾಲ್ಕೇ, ಹನೂರು ಕೊಳ್ಳೇಗಾಲದಲ್ಲಿಯೇ ಅಡಗಿದ್ದಿತು. ಹನೂರು ಪ್ರತ್ಯೇಕ ತಾಲ್ಲೂಕಾದುದು ಅನಂತರ. ಮುಂದಿನ ಗಣತಿಯ ಕೊಳ್ಳೇಗಾಲವನ್ನು ಹಿಂದಿನ ಕೊಳ್ಳೇಗಾಲದೊಡನೆ ಹಾಗೆಯೇ ಹೋಲಿಸುವವನಿಗೆ, ಜನರು ಊರು ಬಿಟ್ಟು ಹೋದರೆಂಬ ಭ್ರಾಂತಿಯುಂಟಾದೀತು. ಹೆಸರು ಒಂದೇ ಆಗಿದ್ದು ಅರ್ಥವು ಬೇರೆಯಾದ ಪದವನ್ನು ಹೇತುವಿನಲ್ಲಿ ಬಳಸುವವನ ಅನುಮಾನದಂತೆ ಈ ಹೋಲಿಕೆಯೂ ದುಷ್ಟವಾಗುವುದು.

ಮೂರನೆಯ ಬಗೆಯ ಆಕರವು ಹಾಡು. ಈ ಸೀಮೆಯ ದೇವರಗುಡ್ಡರು ಕಂಸಾಳೆಯ ತಾಳಕ್ಕೆ ಹಾಡುವ ಮಲೆಯ ಮಾದೇಶ್ವರನ ಕಾವ್ಯವನ್ನು ಪಿ. ಕೆ. ರಾಜಶೇಖರರು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯನವರೂ ಅವರ ಮೇಳದವರೂ ಹಾಡಿದುದನ್ನು ಕೆ. ಕೇಶವನ್ ಪ್ರಸಾದರು ಸಂಪಾದಿಸಲು, ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1997ರಲ್ಲಿ ಅದನ್ನು ಹೊರತಂದಿತು. ಈ ಎರಡನೆಯ ಗ್ರಂಥದ ವಿಶೇಷ ಗುಣವೆಂದರೆ, ಪಾಠವು ಒಂದು ಮೇಳದ್ದೆಂಬುದನ್ನು ಮರೆಮಾಚದಿರುವುದು. ತಾಳೆಯೋಲೆಯ ಗ್ರಂಥಗಳನ್ನು ಸಂಪಾದಿಸುವವರು ಪಾಠಾಂತರಗಳನ್ನು ತೂಗಿ ಕವಿಯ ಮೂಲಪಾಠವನ್ನು ಅರಸುತ್ತಾರೆ. ಹಾಡಿಗೆ ಈ ನ್ಯಾಯವು ಸಲ್ಲದು. ಅಲ್ಲಿ ಒಂದೊಂದು ಹಾಡಿಕೆಯೂ ಮೂಲವೇ. ಹಲವು ಮೇಳಗಳ ಪಾಠಗಳನ್ನು ಬೆರೆಸಿ ‘ಶುದ್ಧಪಾಠ’ವನ್ನು ನಿರ್ಮಿಸಿದರೆ, ಯಾವ ಗುಡ್ಡನೂ ಎಂದೂ ಹಾಡದ ಕಾವ್ಯವೊಂದು ಹುಟ್ಟುವುದು. ಓದುಗನೂ ಒಂದು ಎಚ್ಚರಿಕೆಯನ್ನು ವಹಿಸಬೇಕು: ಅಚ್ಚಿಗೆ ಬಂದ ಪಾಠವು ಒಂದು ಮೇಳದ ಒಂದು ಹಾಡಿಕೆಯೇ ಹೊರತು, ಕಾವ್ಯದ ಕಡೆಯ ಮಾತಲ್ಲ.

ಈ ಕಾವ್ಯವನ್ನು ಬಳಸುವುದರಲ್ಲಿ ಎರಡು ಅತಿರೇಕಗಳುಂಟು. ಶ್ರವಣದೊರೆಯನ್ನು ಐತಿಹಾಸಿಕ ಅರಸನೆಂದು ಭಾವಿಸಿ ಅವನ ಕಾಲವನ್ನೂ ಕೋಟೆಯನ್ನೂ ಹುಡುಕುವುದು ಒಂದು. ಎಲ್ಲವೂ ಕಟ್ಟುಕಥೆಯೆಂದು ತಳ್ಳಿಹಾಕುವುದು ಮತ್ತೊಂದು. ಹಾಡಿಗೆ ಶಕವರ್ಷವನ್ನು ಹೇಳುವ ಯೋಗ್ಯತೆಯಿಲ್ಲ. ಅದನ್ನು ಹೇಳದಿರುವುದು ಅದರ ದೋಷವೂ ಅಲ್ಲ. ಆದರೆ ಸಂಕಮ್ಮನ ಸಾಲಿನಲ್ಲಿ ಸೋಲಿಗರ ನೀಲೇಗೌಡನು ಹೆಂಡತಿಯಿಂದ ಪಾತಿವ್ರತ್ಯದ ಭಾಷೆಯನ್ನು ಕೇಳುವುದೂ, ಅವಳು ಕೊಡಲೊಲ್ಲದೆ ಪೀಡೆಗೆ ಗುರಿಯಾಗುವುದೂ, ಮಾದಪ್ಪನು ಅವಳ ಪಕ್ಷವನ್ನು ಹಿಡಿಯುವುದೂ ಈ ಜನರ ಧರ್ಮವಿವೇಕಕ್ಕೆ ನೇರವಾದ ಸಾಕ್ಷ್ಯಗಳು. ಅಂಥ ಸಾಕ್ಷ್ಯವನ್ನು ದಾನಶಾಸನವು ಕೊಡಲಾರದು. ಭೂದಾನವನ್ನು ಬರೆಯಿಸಿದವನಿಗೆ ಸಂಕಮ್ಮನ ಸಂಕಟವು ವಿಷಯವಾಗಿರಲಿಲ್ಲ.

ಇದು ಪಂಡಿತರ ಒಣಚರ್ಚೆಯಲ್ಲ. 2006ರ ಅರಣ್ಯಹಕ್ಕು ಕಾಯಿದೆಯ ನಿಯಮಗಳು ಹಕ್ಕಿನ ಸಾಕ್ಷ್ಯಗಳನ್ನು ಎಣಿಸುವಾಗ ಸರ್ಕಾರಿ ದಾಖಲೆಗಳೊಡನೆ, ಹಕ್ಕು ಕೇಳಿದವರಲ್ಲದ ಹಿರಿಯರ ಬರೆದುಕೊಂಡ ಹೇಳಿಕೆಗಳನ್ನೂ, ಬಾವಿ, ಸ್ಮಶಾನ, ದೇವರ ತಾಣಗಳಂಥ ಹಳೆಯ ಗುರುತುಗಳನ್ನೂ ಅಂಗೀಕರಿಸಿವೆ. ಬಿಳಿಗಿರಿರಂಗನ ಬೆಟ್ಟದ ಕಾಡು 2011ರಲ್ಲಿ ಹುಲಿಯ ರಕ್ಷಿತಾರಣ್ಯವೆಂದು ಘೋಷಿತವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರ ಸಾಮುದಾಯಿಕ ಹಕ್ಕುಗಳಿಗೆ ಮನ್ನಣೆಯೂ ದೊರೆಯಿತು. ಹಿರಿಯರು ತೋರಿಸಿದ ದೇವರ ತಾಣಗಳನ್ನು ಸಂಶೋಧಕರು ಅವರೊಡನೆ ನಡೆದು ನಕ್ಷೆಯಲ್ಲಿ ಗುರುತಿಸಿದ್ದರು. ಕಾಗದವೇ ಪ್ರಮಾಣವೆಂದು ಹಟ ಹಿಡಿದಿದ್ದರೆ, ಕಾಗದವನ್ನು ಬರೆಯದ ಜನರು ತಮ್ಮ ನೆಲದಲ್ಲಿಯೇ ಇಲ್ಲದವರೆನಿಸಿಕೊಳ್ಳುತ್ತಿದ್ದರು. ಆಪ್ತವಾಕ್ಯವು ಪ್ರಮಾಣವೆಂಬ ನೈಯಾಯಿಕರ ಮತವು ಇಲ್ಲಿ ವ್ಯವಹಾರದಲ್ಲಿ ಸಫಲವಾಗಿದೆ. ಆಪ್ತನು ಯಾರು, ಅವನು ಬಲ್ಲುದೇನು ಎಂಬ ಪರೀಕ್ಷೆಯು ಮಾತ್ರ ಎಂದಿಗೂ ತಪ್ಪದು.

ಆದುದರಿಂದ ಸಿದ್ಧಾಂತವಿಷ್ಟು. ಶಾಸನವು ದತ್ತಿ, ಕಾಲ, ಅರಸರನ್ನೂ, ಗಣತಿಯು ತನ್ನ ಗಡಿಯೊಳಗಿನ ತಲೆಗಳನ್ನೂ, ಹಾಡು ಹಾಡುವವರ ಬಾಳಿನ ಅರ್ಥವನ್ನೂ ಹೇಳಬಲ್ಲುವು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಹೊರಟರೆ ಎರಡೂ ಕೆಡುವುವು. ಈ ಸೀಮೆಯ ಮೇಲೆ ಗ್ರಂಥವನ್ನು ಬರೆಯುವವರು ತಮ್ಮ ಒಂದೊಂದು ಆಕರವನ್ನೂ ಯಾರು, ಯಾವ ಸರ್ಕಾರಕ್ಕಾಗಿ, ಯಾವ ಗಡಿಯೊಳಗೆ, ಯಾವ ಕಾಲದಲ್ಲಿ ಸಂಗ್ರಹಿಸಿದರೆಂಬುದನ್ನು ಮೊದಲ ಅಧ್ಯಾಯದಲ್ಲಿಯೇ ತಿಳಿಸುವುದು ಯುಕ್ತ. ಹಾಗಾದಲ್ಲಿ ಮುಂದಿನ ಅಧ್ಯಾಯಗಳಲ್ಲಿ ಬರುವ ‘ಇಲ್ಲ’ಗಳನ್ನು ಓದುಗರು ತಾವೇ ಪರೀಕ್ಷಿಸಿಕೊಳ್ಳಬಲ್ಲರು.