ಡಮ್ಮಿ ಎಂಬ ಮಾತು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಪಂಚಾಯ್ತಿಯ ಹೆಂಗಸರ ಸುದ್ದಿ ತೆಗೆದರೆ ಸಾಕು, ‘ಆಕೀದೇನೈತ್ರಿ, ಬರೇ ಸಹಿ, ನಡಸಾಂವ ಗಂಡ’ ಅನ್ನುವ ಮಾತು ಬಂದೇ ಬರುತ್ತದೆ. ನಮ್ಮ ಸ್ತ್ರೀವಾದಿ ಗೆಳತಿಯರೂ ಮೀಸಲಾತಿಯ ಸೋಲನ್ನು ಈ ಗಂಡನಲ್ಲೇ ಕಾಣುತ್ತಾರೆ. ಈ ವಿಮರ್ಶೆ ಗೌಡರ ವಾಡೆಗೆ ಹೊಂದೀತು, ಕೇರಿಗೆ ಹೊಂದುವುದಿಲ್ಲ ಎಂಬುದು ನನ್ನ ತಕರಾರು.

1983ರ ಕಾಯ್ದೆ ಮಂಡಲ ಪಂಚಾಯ್ತಿಗಳಲ್ಲಿ ಹೆಂಗಸರಿಗೆ ಶೇ. 25 ಸ್ಥಾನ ಕೊಟ್ಟಿತು. ಚುನಾವಣೆ ನಡೆದದ್ದು 1987ರಲ್ಲಿ. 1993ರಲ್ಲಿ ಜಾರಿಗೆ ಬಂದ 73ನೇ ತಿದ್ದುಪಡಿ ಅದನ್ನು ಮೂರನೇ ಒಂದು ಪಾಲಿಗೇರಿಸಿ, ಪರಿಶಿಷ್ಟರ ಸ್ಥಾನಗಳೊಳಗೂ ಅಷ್ಟನ್ನು ಆ ಜಾತಿಗಳ ಹೆಂಗಸರಿಗೆ ಇಟ್ಟಿತು. 2010ರಲ್ಲಿ ಕರ್ನಾಟಕ ಅರ್ಧ ಮಾಡಿತು. ಮಹಿಳಾ ಮೀಸಲಾತಿ ಇಲ್ಲದ ವಿಧಾನಸಭೆಗೆ 1994ರಲ್ಲಿ ಮುದ್ದೇಬಿಹಾಳದಿಂದ ಗೆದ್ದವರು ವಿಮಲಾಬಾಯಿ ದೇಶಮುಖರು. ಪತಿ ಜಗದೇವರಾವ್ ಮೊದಲೇ ಅಲ್ಲಿನ ಶಾಸಕರಾಗಿದ್ದವರು. ಮನೆತನವಿದ್ದವರಿಗೆ ಆ ದಾರಿಯಿತ್ತು. ಕೇರಿಯ ಹೆಣ್ಣಿಗೆ ಕಾಯ್ದೆ ಬಿಟ್ಟರೆ ಬೇರೆ ದಾರಿಯೆಲ್ಲಿತ್ತು?

ಇನ್ನು ಆಕೆಯ ಗಂಡ. ಅವನ ಕೈಯಲ್ಲಾದರೂ ಏನೈತಿ? ಯಾರದೋ ಹೊಲದಲ್ಲಿ ದುಡಿಯುವವನು, ಇಲ್ಲವೇ ಗೋವಾ, ಪುಣೆ ಕಡೆ ದುಡಿಯಾಕ ಹೋದವನು. ಠರಾವಿಗೆ ಸಹಿ ಬೇಡುವವನೂ ನಾಳೆ ಕೂಲಿ ಕೊಡುವವನೂ ಒಬ್ಬನೇ. ‘ಒಲ್ಲೆ’ ಅಂದರೆ ಗಂಡ ಬೈಯುವುದು ದೊಡ್ಡ ಮಾತಲ್ಲ, ಗಂಡಹೆಂಡಿರಿಬ್ಬರ ಕೆಲಸವೂ ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಅವಿಶ್ವಾಸ ಠರಾವು: ಮೂರರಲ್ಲಿ ಎರಡು ಪಾಲು ಸದಸ್ಯರು ಸೇರಿದರೆ ಅಧ್ಯಕ್ಷೆ ಇಳಿಯಬೇಕು. ಅಷ್ಟು ಕೈ ಕೇರಿಯಲ್ಲಿ ಎಲ್ಲಿಂದ ಬರಬೇಕು? ಇದನ್ನು ಬರೀ ಗಂಡಸುತನ ಎಂದು ಓದಿದರೆ ಹೊಲದ ಒಡೆತನ ಮರೆಯಾಗುತ್ತದೆ.

ಈ ಕತೆ ಹಳೆಯದು. 1932ರ ಪುಣೆ ಒಪ್ಪಂದದಲ್ಲಿ ಅಂಬೇಡ್ಕರರು ಪ್ರತ್ಯೇಕ ಮತಕ್ಷೇತ್ರ ಬಿಟ್ಟುಕೊಡಬೇಕಾಯಿತು. ನಮ್ಮ ಸ್ಥಾನಕ್ಕೆ ಯಾರು ಬರಬೇಕೆಂದು ಬೇರೆಯವರ ಓಟು ತೀರ್ಮಾನಿಸುವುದು ಅಲ್ಲಿಂದ ಗಟ್ಟಿಯಾಯಿತು. ಮೀಸಲು ವಾರ್ಡಿಗೆ ಬಾಯಿಲ್ಲದವಳನ್ನು ಹುಡುಕಿ ನಿಲ್ಲಿಸುವ ಊರಿನ ಜಾಣತನ ಅದರದೇ ಮುಂದುವರಿಕೆ. (ಒಡೆಯರ ಮಾತು ಮೀರದ ಗಂಡಸು ಮೆಂಬರನನ್ನು ಮಾತ್ರ ಯಾರೂ ಡಮ್ಮಿ ಅನ್ನುವುದಿಲ್ಲ!)

ಹಾಗಂತ ಕುರ್ಚಿ ಬೇಡ ಅನ್ನಲಾರೆ. ಮನೆಗಳ ಪಟ್ಟಿ, ನಳ, ಕೇರಿಯ ಗಟಾರ ಎಲ್ಲ ಅದೇ ಕುರ್ಚಿಯ ಮುಂದೆ ಬರುತ್ತವೆ. 2023ರ 106ನೇ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳಿಗೂ ಮೂರನೇ ಒಂದು ಪಾಲು ಹೇಳಿದೆ. ಪರಿಶಿಷ್ಟ ಹೆಂಗಸರಿಗೆ ಒಳಪಾಲುಂಟು, ಹಿಂದುಳಿದವರ ಹೆಂಗಸರಿಗೆ ಇಲ್ಲ. ನಮ್ಮ ಜಿಲ್ಲೆಯ ನಾಗಠಾಣ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರ. ಅದು ನಾಳೆ ಮಹಿಳೆಗೆ ಬಂದರೆ ಟಿಕೇಟು ಯಾರ ವಾಡೆಯಲ್ಲಿ ತೀರ್ಮಾನವಾಗುತ್ತದೆಂದು ಸಂಘಟನೆಗಳು ಈಗಲೇ ಕೇಳಬೇಕು.