ಶ್ರೀ ಪುಟ್ಟರಾಜ ಗವಾಯಿಗಳವರ ಸಾಹಿತ್ಯ: ಕಿವಿಯಿಂದ ಓದಬೇಕಾದ ಕಾವ್ಯ

ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪೂಜ್ಯ ಶ್ರೀ ಪುಟ್ಟರಾಜ ಗವಾಯಿಗಳವರನ್ನು (1914–2010) ನಾಡು ಮಹಾಗಾಯಕರೆಂದು ಕೊಂಡಾಡಿತು; ಅಂಧ ಅನಾಥರ ಬಾಳನ್ನು ಬೆಳಗಿದ ಗುರುಗಳೆಂದು ನಮಿಸಿತು. ಆದರೆ ಕವಿಗಳೆಂದು ಅವರನ್ನು ಓದಿದವರು ವಿರಳ. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಕೃತಿರಚನೆ ಮಾಡಿದ ಇಂಥ ಲೇಖಕರ ವಿಷಯದಲ್ಲಿ ಭಕ್ತಿಯು ಕೃತಿಯನ್ನು ಪೂಜಿಸಿ ಗದ್ದುಗೆಯ ಮೇಲಿರಿಸಿತು. ವಿಮರ್ಶೆಯು ಅದನ್ನು ಕಾಣದೆ ಮುಂದೆ ಸಾಗಿತು. ಇವೆರಡೂ ಕೃತಿಗೆ ಸಲ್ಲುವ ನ್ಯಾಯವಲ್ಲ.

ಹಾನಗಲ್ಲ ತಾಲೂಕಿನ ದೇವಗಿರಿಯಲ್ಲಿ ಜನಿಸಿ ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಬಾಲಕನಿಗೆ, ತಾವೂ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳವರು ಗುರುವಾಗಿ ದೊರೆತರು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರ ಕೃಪೆಯಿಂದ ಬೆಳೆದ ಆ ಗುರುಗಳು 1944ರಲ್ಲಿ ಲಿಂಗೈಕ್ಯರಾದಾಗ ಆಶ್ರಮದ ಹೊಣೆ ಶಿಷ್ಯರ ಮೇಲೆ ಬಿದ್ದಿತು. ಹಿಂದುಸ್ತಾನಿ ಕರ್ನಾಟಕಿಗಳೆರಡನ್ನೂ ಬಲ್ಲ, ಹಾರ್ಮೋನಿಯಂ, ತಬಲಾ, ಪಿಟೀಲುಗಳಲ್ಲಿ ನುರಿತ ಅವರಿಗೆ ಸಾಹಿತ್ಯವು ವಿರಾಮದ ವಿನೋದವಾಗಿರಲಿಲ್ಲ. ಆಶ್ರಮದ ನಾಟಕ ಸಂಘವು ಊರೂರು ತಿರುಗಿ ಆಟವಾಡಿದರೆ ಮಕ್ಕಳ ದಾಸೋಹ ನಡೆಯಬೇಕಾಗಿದ್ದಿತು. ಅವರ ಬರಹವೂ ಕಾಯಕವೇ.

ಈ ಹಿನ್ನೆಲೆಯನ್ನು ಮರೆತು ಅವರ ಅಕ್ಕಮಹಾದೇವಿ ಪುರಾಣವನ್ನಾಗಲಿ, ಕುಮಾರೇಶ್ವರ ಪುರಾಣವನ್ನಾಗಲಿ ಮೌನವಾಗಿ ಓದುವವನು ಬೇಗ ದಣಿಯುವನು. ಪುನರುಕ್ತಿ, ಸಂಬೋಧನೆ, ಸ್ತುತಿಗಳು ಕಥೆಯನ್ನು ತಡೆಯುವಂತೆ ಅವನಿಗೆ ತೋರುವುದು ಸಹಜ. ಆದರೆ ಶ್ರಾವಣಮಾಸದಲ್ಲಿ ಮಠದ ಅಂಗಳದಲ್ಲಿ ಗವಾಯಿ ಹಾಡಿ ಪ್ರವಚನಕಾರರು ಅರ್ಥ ಬಿಡಿಸುವಾಗ ಅದೇ ಪುನರುಕ್ತಿಯು ಪಲ್ಲವಿಯಾಗುವುದು. ಅದೇ ಸಂಬೋಧನೆಯು ತಾಳದ ಸಮಕ್ಕೆ ಬಂದು ನಿಲ್ಲುವುದು. ಪುಟದ ಮೇಲೆ ದೋಷವೆನಿಸಿದುದು ಕಂಠದಲ್ಲಿ ಗುಣವಾಗುವುದು. ಹಾಗೆಂದು ಎಲ್ಲವೂ ಗುಣವೆನ್ನಲಾಗದು: ರಾಗದಲ್ಲಿಯೂ ಏಳದ ಪದ್ಯವನ್ನು ದುರ್ಬಲವೆನ್ನಲು ಭಕ್ತನೂ ಅಂಜಬೇಕಿಲ್ಲ.

ಇದು ನಮ್ಮ ಪರಂಪರೆಗೆ ಹೊಸದಲ್ಲ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣವನ್ನು ಭೀಮಕವಿಯು 1369ರಲ್ಲಿ ಭಾಮಿನಿ ಷಟ್ಪದಿಗೆ ತಂದುದು ಕನ್ನಡದ ನಾಲಗೆಗಾಗಿ. ಗವಾಯಿಗಳವರು ಬಸವಪುರಾಣವನ್ನು ಹಿಂದಿಯಲ್ಲಿ ರಚಿಸಿದಾಗ ಅದೇ ಹೊಳೆಗೆ ಇನ್ನೊಂದು ಕಾಲುವೆ ತೆಗೆದರು. ಭಗವದ್ಗೀತೆಯನ್ನು ಅವರು ಬ್ರೈಲ್ ಲಿಪಿಗೂ ತಂದರು. ಆ ಲಿಪಿಯ ಕರ್ತೃ ಲೂಯಿ ಬ್ರೈಲ್ (1809–1852) ಕೂಡ ಅಂಧರು, ಪ್ಯಾರಿಸ್ಸಿನ ಇಗರ್ಜಿಗಳಲ್ಲಿ ಆರ್ಗನ್ ನುಡಿಸುತ್ತಿದ್ದವರು. 1829ರ ಅವರ ಗ್ರಂಥವು ಅಕ್ಷರಕ್ಕೂ ಸಂಗೀತಕ್ಕೂ ಕೂಡಿಯೇ ಚುಕ್ಕಿಗಳ ಬರಹವನ್ನು ರೂಪಿಸಿತು. ಅಕ್ಷರ ನಾದಗಳು ಬೇರೆಯಲ್ಲವೆಂಬುದನ್ನು ಆ ದೇವಾಲಯವಾದಕರೂ ಈ ಗವಾಯಿಗಳೂ ತಮ್ಮ ತಮ್ಮ ಬಾಳಿನಲ್ಲಿ ಕಂಡುಕೊಂಡರು.

ಆದಕಾರಣ ಈ ಕೃತಿಗಳ ಮುದ್ರಣವಷ್ಟೇ ಸಾಲದು. ಯಾವ ಪದ್ಯವನ್ನು ಯಾವ ರಾಗದಲ್ಲಿ, ಯಾವ ಮಟ್ಟಿನಲ್ಲಿ ಹಾಡಲಾಗುತ್ತಿತ್ತೆಂಬುದು ಅವರ ಸನ್ನಿಧಿಯಲ್ಲಿ ಕಲಿತ ಶಿಷ್ಯರ ಕಂಠಗಳಲ್ಲಿದೆ. ಆ ಕಂಠಗಳಿರುವಾಗಲೇ ಪಾಠದೊಡನೆ ರಾಗತಾಳಗಳನ್ನು ಗುರುತಿಸಿ, ಹಾಡಿಸಿ, ಧ್ವನಿಮುದ್ರಿಸಿ ಇಡುವುದು ವಿದ್ವಾಂಸರ ಕರ್ತವ್ಯ. ಇಲ್ಲದಿದ್ದರೆ ಮುಂದಿನವರ ಕೈಗೆ ಪುಸ್ತಕ ಸೇರೀತು, ಕಾವ್ಯ ಸೇರದು.