ಎರವಲು ಕಂಠ, ಸ್ವಂತ ಸಂಕಟ

ಹಾತ್ಸುನೆ ಮಿಕು ಎಂಬ ಜಪಾನಿನ ಗಾಯಕಿಗೆ ದೇಹವಿಲ್ಲ. ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಕಂಪೆನಿ 2007ರ ಆಗಸ್ಟ್ 31ರಂದು ಮಾರುಕಟ್ಟೆಗೆ ತಂದ ಸಾಫ್ಟ್‌ವೇರ್ ಅವಳು. ಯಮಾಹಾದ ವೊಕಲಾಯ್ಡ್ ತಂತ್ರಜ್ಞಾನ ಅದರ ಬುನಾದಿ. ಕಂಠದಾನ ಕಲಾವಿದೆ ಫುಜಿತಾ ಸಾಕಿ ಅವರ ದನಿಯನ್ನು ಉಚ್ಚಾರಣೆಯ ಸಣ್ಣ ಸಣ್ಣ ತುಣುಕುಗಳಾಗಿ ಮುದ್ರಿಸಿಡಲಾಗಿದೆ. ಸ್ವರವನ್ನೂ ಅಕ್ಷರವನ್ನೂ ತುಂಬಿಕೊಟ್ಟರೆ ಕಂಪ್ಯೂಟರು ಆ ತುಣುಕುಗಳನ್ನು ಹೊಸೆದು ಹಾಡುತ್ತದೆ. ಇಷ್ಟೇ ಆದರೆ ಇದೊಂದು ಆಟಿಕೆ. ಆದರೆ ಈ ಆಟಿಕೆಯ ಮೂಲಕ ಎಷ್ಟೋ ಯುವಕ ಯುವತಿಯರು ತಮ್ಮ ಒಳಗುದಿಯನ್ನು ತೋಡಿಕೊಂಡರು. ಎರವಲು ಕಂಠದಲ್ಲಿ ಹೊರಟ ಸಂಕಟವನ್ನು ನಿಜವಾದ ಸಂಕಟವೆಂದು ನಾವು ಒಪ್ಪಬಹುದೇ?

ನಿಕೊ ನಿಕೊ ಡೌಗಾ ಎಂಬ ವಿಡಿಯೋ ತಾಣದಲ್ಲಿ ಹಾಡುಗಳನ್ನು ಬಿಟ್ಟವರಲ್ಲಿ ಬಹುಪಾಲು ಮಂದಿ ಮುಖ ತೋರಿಸಲಿಲ್ಲ, ಹುಟ್ಟುಹೆಸರು ಹೇಳಲಿಲ್ಲ. ವೊವಾಕಾ, ಹಾಚಿ, ಕಾಸ್ಮೊ ಇಂಥ ಅಂಕಿತಗಳಷ್ಟೇ ಕೇಳುಗರಿಗೆ ಗೊತ್ತಿದ್ದವು. ಹಾಡುವ ಕಂಠವಿಲ್ಲದವನಿಗೂ, ನಾಲ್ಕು ಜನರೆದುರು ಬಾಯಿಬಿಡಲು ಅಂಜುವವನಿಗೂ ಇಲ್ಲಿ ಜಾಗವಿತ್ತು.

ವೊವಾಕಾ 2010ರಲ್ಲಿ ಹೊರತಂದ 'ರೋಲಿಂಗ್ ಗರ್ಲ್' ಕೇಳಿ. ಮತ್ತೆ ಮತ್ತೆ ಸೋಲುತ್ತ, ಉರುಳುತ್ತ, ಇನ್ನೊಮ್ಮೆ ಎಂದು ಏಳುವ ಹುಡುಗಿಯ ಹಾಡದು. ಪಿಯಾನೊ, ಗಿಟಾರುಗಳು ಬೆನ್ನಟ್ಟಿ ಬಂದಂತೆ ಓಡುತ್ತವೆ. ಕೊನೆಗೆ ಉಸಿರು ಬಿಗಿಹಿಡಿಯುವ ಮಾತು ಬರುತ್ತದೆ. ಅದು ಸಾವೋ, ದಣಿವಾರಿಸಿಕೊಳ್ಳುವ ಗಳಿಗೆಯೋ, ಹಾಡು ಹೇಳುವುದಿಲ್ಲ. ಆ ಮಾತನ್ನು ಆಡುವುದು ಉಸಿರೇ ಇಲ್ಲದ ದನಿ ಎಂಬುದನ್ನು ನೆನೆಯಬೇಕು. ನುರಿತ ಗಾಯಕಿ ಹಾಡಿದ್ದರೆ ಅಲ್ಲಿ ಗದ್ಗದ ಬರುತ್ತಿತ್ತು. ನಾವು ಅವಳಿಗಾಗಿ ಮರುಗಿ ಸುಮ್ಮನಾಗುತ್ತಿದ್ದೆವು. ಮಿಕುವಿನ ದನಿ ಮರುಕ ಬೇಡುವುದಿಲ್ಲ. ಅವಳು ಬಿಟ್ಟ ಖಾಲಿ ಜಾಗವನ್ನು ಕೇಳುಗ ತನ್ನ ದುಃಖದಿಂದ ತುಂಬಿಕೊಳ್ಳಬೇಕಾಗುತ್ತದೆ.

ಕಾಸ್ಮೊನ 'ಹಾತ್ಸುನೆ ಮಿಕುವಿನ ಕಣ್ಮರೆ' ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮನುಷ್ಯರ ನಾಲಿಗೆ ತಡವರಿಸುವ ವೇಗದಲ್ಲಿ ಅಲ್ಲಿ ಯಂತ್ರವೇ ತನ್ನ ಅಳಿವನ್ನು ಕುರಿತು ಹಾಡುತ್ತದೆ. ಯಂತ್ರದ ಕೊರತೆಯನ್ನು ಮುಚ್ಚಿಡದೆ ಅದನ್ನೇ ವಸ್ತುವಾಗಿಸಿದ್ದು ಈ ಹಾಡಿನ ಹೆಚ್ಚುಗಾರಿಕೆ.

ಹಾಗೆಂದು ಎಲ್ಲವನ್ನೂ ಹೊಗಳಬೇಕಿಲ್ಲ. ಕಂಪೆನಿ ಮಿಕುವನ್ನು ಹದಿನಾರರ ಹುಡುಗಿಯಾಗಿ ಚಿತ್ರಿಸಿತು. ಎತ್ತರ, ತೂಕವನ್ನೂ ಪ್ರಕಟಿಸಿತು. ಅವಳು ಯಾವ ಮಾತನ್ನೂ ಒಲ್ಲೆ ಎನ್ನಲಾರಳು. ಹುಡುಗಿಯ ಬಾಯಿಂದ ಹೊರಡುವ ಮಾತು ಎಷ್ಟೋ ಸಲ ಗಂಡಸಿನದು. ಹೆಣ್ಣಿನ ದನಿ ಬೇಕು, ಆದರೆ ಹೆಣ್ಣಿನ ಅಭಿಪ್ರಾಯ ಬೇಡ ಎನ್ನುವ ಹಳೆಯ ಚಾಳಿ ಹೊಸ ತಂತ್ರಜ್ಞಾನದಲ್ಲೂ ಉಳಿದಿದೆ. 'ರೋಲಿಂಗ್ ಗರ್ಲ್'ನಂಥ ಹಾಡು ಈ ಆಕ್ಷೇಪದಿಂದ ಪೂರ್ತಿ ಪಾರಾಗುವುದಿಲ್ಲ. ಆದರೂ ಅಲ್ಲಿನ ಹುಡುಗಿ ಮೆಚ್ಚಿಸಲು ನಿಂತ ಗೊಂಬೆಯಲ್ಲ, ಬಿದ್ದು ಏಳುವ ಜೀವ.

ಮುಖವಾಡ ಕೇವಲ ಅಡಗುತಾಣವೂ ಅಲ್ಲ. ಹಾಚಿ 2012ರಲ್ಲಿ ಯೊನೆಝು ಕೆನ್ಶಿ ಎಂಬ ಸ್ವಂತ ಹೆಸರಿನಲ್ಲಿ, ಸ್ವಂತ ಕಂಠದಲ್ಲಿ 'ಡಿಯೊರಾಮ' ಸಂಕಲನ ತಂದರು. 2018ರ 'ಲೆಮನ್' ಅವರನ್ನು ಜಪಾನಿನ ಮನೆಮಾತಾಗಿಸಿತು. ವೊವಾಕಾ ಕೂಡ 'ಹಿತೊರಿಎ' ಎಂಬ ತಂಡ ಕಟ್ಟಿ ತಾವೇ ಹಾಡಿದರು. ಪರರ ದನಿಯಲ್ಲಿ ಮಾತು ಕಲಿತವರು ತಮ್ಮ ದನಿಯನ್ನು ಕಂಡುಕೊಂಡರು. ಮಿಕುವಿಗೆ ಹತ್ತು ವರ್ಷ ತುಂಬಿದ 2017ರಲ್ಲಿ ಇಬ್ಬರೂ ಅವಳ ಬಳಿಗೆ ಮರಳಿ ಒಂದೊಂದು ಹಾಡು ಕೊಟ್ಟರು. ಸ್ವಂತ ಕಂಠ ಸಿಕ್ಕ ಮೇಲೂ ಅವಳು ಅವರಿಗೆ ಬೇಕಾಗಿದ್ದಳು.

ವೊವಾಕಾ 2019ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 31 ವರ್ಷ. ಮಿಕುವಿಗೆ ವಯಸ್ಸಾಗುವುದಿಲ್ಲ, ಆ ಕಂಠ ಇಂದಿಗೂ ಯಾರು ಬೇಕಾದರೂ ಕೊಳ್ಳಬಹುದಾದ ಸರಕು. ಆದರೆ ಅದೇ ಸರಕಿನಿಂದ 'ರೋಲಿಂಗ್ ಗರ್ಲ್'ನ ಆ ಓಟವನ್ನು, ಕೊನೆಯ ಆ ನಿಲುಗಡೆಯನ್ನು ಹೊರತೆಗೆದವರು ಅವರೊಬ್ಬರೇ. ಕಂಠ ಎರವಲಿನದಾದರೂ ಸಂಕಟ ಅವರದೇ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.